ಪಕ್ಕದಲ್ಲಿ ಬೆಂಕಿ, ನಡುವೆ ಗಾಳಿ: ಮನೆಯಲ್ಲೇ ಆಫ್‌ಸೆಟ್ ಸ್ಮೋಕರ್ ಕಟ್ಟುವುದು ಹೇಗೆ?

ಬೆಳಗಾವಿಯ ಉದ್ಯಮಬಾಗದಲ್ಲಿ ಗೆಳೆಯನೊಬ್ಬನ ಫ್ಯಾಬ್ರಿಕೇಶನ್ ಶೆಡ್ ಇದೆ. ಗೇಟು, ಗ್ರಿಲ್ಲು, ಟ್ರ್ಯಾಕ್ಟರ್ ಟ್ರೇಲರು, ಇವೇ ಅವನ ಕೆಲಸ. ಈಗೀಗ ಅಲ್ಲಿಗೆ ಬೇರೆ ಥರದ ಗಿರಾಕಿಗಳು ಬರುತ್ತಿದ್ದಾರೆ. ಮೊಬೈಲ್ ಮುಂದೆ ಹಿಡಿದು ಒಂದು ವಿಡಿಯೊ ತೋರಿಸುತ್ತಾರೆ. ಅದರಲ್ಲಿ ಮಲಗಿಸಿದ ಉಕ್ಕಿನ ಡ್ರಮ್ಮು, ಪಕ್ಕಕ್ಕೆ ಒಂದು ಪೆಟ್ಟಿಗೆ, ಇನ್ನೊಂದು ತುದಿಗೆ ಚಿಮಣಿ. "ಇಂಥಾದ್ದೊಂದು ಹೊಲದ ಮನೆಗೆ ಬೇಕು, ಮಾಡಿ ಕೊಡ್ತೀರಾ?"

ಮೊದಲನೆಯದನ್ನು ಗೆಳೆಯ ಫೋಟೊ ನೋಡಿಯೇ ಮಾಡಿಕೊಟ್ಟ. ವೆಲ್ಡಿಂಗ್ ಮುತ್ತು ಪೋಣಿಸಿದ ಹಾಗಿತ್ತು. ಆದರೆ ಬೆಂಕಿ ಹಾಕಿದಾಗ ಹೊಗೆ ಚಿಮಣಿಯಿಂದ ಬರಲಿಲ್ಲ, ಬಾಗಿಲ ಸಂದಿಯಿಂದ ಬಂತು. ಕಟ್ಟಿಗೆ ಉರಿಯುವ ಬದಲು ಕಮರಿತು. ನಾಲ್ಕು ತಾಸು ಕಾದು ತೆಗೆದ ಮಟನ್ ಕಹಿ. ಆಮೇಲೆ ನೋಡಿದರೆ ಚಿಮಣಿಗೆ ಹಾಕಿದ್ದು ಎರಡಿಂಚಿನ ಪೈಪು. ಕೈಗೆ ಸಿಕ್ಕಿತ್ತು, ಹಾಕಿದ್ದ.

ಹೊಗೆ ಮತ್ತು ಬಿಸಿ ಗಾಳಿಯಲ್ಲಿ ಮಾಂಸವನ್ನು ನಿಧಾನವಾಗಿ ಬೇಯಿಸುವ ಈ ಆಫ್‌ಸೆಟ್ ಸ್ಮೋಕರ್ ಏನು, ಹೇಗೆ ಕೆಲಸ ಮಾಡುತ್ತದೆ, ಕಟ್ಟುವಾಗ ಎಲ್ಲಿ ಎಡವುತ್ತೇವೆ ಅನ್ನುವುದನ್ನು ಬುಡದಿಂದ ನೋಡೋಣ.

ಆಫ್‌ಸೆಟ್ ಅಂದರೆ ಪಕ್ಕಕ್ಕೆ ಸರಿಸಿದ್ದು

ನಮ್ಮ ಶೇಗಡಿಯಲ್ಲಿ ಕೆಂಡ ಕೆಳಗೆ, ಕಬಾಬ್ ಮೇಲೆ. ನೇರ ಶಾಖ, ಹತ್ತಿಪ್ಪತ್ತು ನಿಮಿಷದ ಕೆಲಸ. ಆಫ್‌ಸೆಟ್ ಸ್ಮೋಕರ್‌ನಲ್ಲಿ ಬೆಂಕಿಯನ್ನು ಪಕ್ಕಕ್ಕೆ, ಸ್ವಲ್ಪ ಕೆಳಕ್ಕೆ ಸರಿಸಿರುತ್ತಾರೆ. ಮಾಂಸಕ್ಕೆ ಉರಿ ತಾಗುವುದೇ ಇಲ್ಲ. ಬಿಸಿ ಗಾಳಿ ಮತ್ತು ತೆಳು ಹೊಗೆ ಮಾತ್ರ ಅದನ್ನು ಸವರಿಕೊಂಡು ಹೋಗುತ್ತವೆ.

ಇದಕ್ಕೆ ಮೂರು ಅಂಗ. ಕಟ್ಟಿಗೆ ಉರಿಯುವ ಪೆಟ್ಟಿಗೆಗೆ ಫೈರ್‌ಬಾಕ್ಸ್ ಅನ್ನುತ್ತಾರೆ, ನಾವು ಬೆಂಕಿಗೂಡು ಅನ್ನೋಣ. ಮಾಂಸ ಇಡುವ ಡ್ರಮ್ಮು ಅಡುಗೆಗೂಡು. ಮೂರನೆಯದು ಚಿಮಣಿ. ನಮ್ಮ ಕಡೆ ಚಿಮಣಿ ಅಂದರೆ ಸೀಮೆ ಎಣ್ಣೆ ದೀಪವೂ ಹೌದು. ಇಲ್ಲಿ ಹೇಳುತ್ತಿರುವುದು ಹೊಗೆ ಕೊಳವೆ.

ಇದರ ತವರು ಅಮೆರಿಕದ ಟೆಕ್ಸಾಸ್. ಅಲ್ಲಿಗೆ ವಲಸೆ ಬಂದ ಜರ್ಮನ್ ಮತ್ತು ಚೆಕ್ ಕಟುಕರು ಮಾರಾಟವಾಗದೆ ಉಳಿದ ಮಾಂಸಕ್ಕೆ ಹೊಗೆ ಹಾಕಿ ಮಾರುತ್ತಿದ್ದರು. ತೈಲಬಾವಿಗಳ ಊರುಗಳಲ್ಲಿ ದಪ್ಪ ಪೈಪಿಗೂ ವೆಲ್ಡರ್‌ಗಳಿಗೂ ಬರ ಇರಲಿಲ್ಲ. ಉಕ್ಕಿನ ಸ್ಮೋಕರ್ ಬೆಳೆದದ್ದು ಅಂಥ ಕಡೆ. ಉದ್ಯಮಬಾಗದಂಥ ಜಾಗಕ್ಕೆ ಇದು ಸುಲಭವಾಗಿ ಒಗ್ಗಿದ್ದರಲ್ಲಿ ಆಶ್ಚರ್ಯ ಇಲ್ಲ.

ಒಳಗಿನ ತತ್ವವಂತೂ ನಮಗೆ ಹಳೆಯದೇ. ಮಹಾಲಿಂಗಪುರ, ಮುಧೋಳದ ಕಡೆ ಬೆಲ್ಲದ ಗಾಣ ನೋಡಿದ್ದೀರಾ? ಒಲೆಯ ಬಾಯಿಗೆ ಒಣಗಿದ ಕಬ್ಬಿನ ಸಿಪ್ಪೆ ತುರುಕುತ್ತಾರೆ. ಉರಿ ಕೊಪ್ಪರಿಗೆಯ ಕೆಳಗೆ ಹಾದು ಆಚೆ ಬದಿಯ ಚಿಮಣಿಯಿಂದ ಹೊರಡುತ್ತದೆ. ಯಾರೂ ಊದುಗೊಳವೆ ಹಿಡಿದು ಕೂರುವುದಿಲ್ಲ. ಚಿಮಣಿಯೇ ಎಳೆದುಕೊಳ್ಳುತ್ತದೆ. ಆ ಒಲೆಯನ್ನು ನೆಲದಿಂದ ಎತ್ತಿ, ಉಕ್ಕಿನಲ್ಲಿ ಮಾಡಿ, ಕೊಪ್ಪರಿಗೆ ತೆಗೆದು ಬಿಸಿ ಗಾಳಿಯ ದಾರಿಯಲ್ಲೇ ಮಾಂಸ ಇಟ್ಟರೆ ಅದೇ ಆಫ್‌ಸೆಟ್ ಸ್ಮೋಕರ್.

ಇಷ್ಟು ಹೊತ್ತು ಯಾಕೆ ಬೇಕು?

ಅಡುಗೆಗೂಡಿನ ಬಿಸಿ ಸಾಮಾನ್ಯವಾಗಿ 110ರಿಂದ 135 ಡಿಗ್ರಿ ಸೆಲ್ಸಿಯಸ್. ಎರಡು ಕಿಲೊದ ಮಟನ್ ತೊಡೆಗೆ ನಾಲ್ಕರಿಂದ ಆರು ತಾಸು ಬೇಕು. ಟೆಕ್ಸಾಸ್‌ನವರು ಬೇಯಿಸುವ ದನದ ಎದೆಭಾಗಕ್ಕೆ ಹನ್ನೆರಡು ತಾಸು ದಾಟುತ್ತದೆ.

ಇಷ್ಟು ನಿಧಾನಕ್ಕೆ ಕಾರಣ ಕೊಲಾಜೆನ್. ಪ್ರಾಣಿಯ ತೊಡೆ, ಭುಜದಂಥ ದುಡಿಯುವ ಭಾಗಗಳಲ್ಲಿ ಮಾಂಸದ ಎಳೆಗಳನ್ನು ಹಿಡಿದಿಡುವ ಗಟ್ಟಿ ನಾರು ಅದು. ಗಬಕ್ಕನೆ ಬೇಯಿಸಿದರೆ ಬಿಗಿಯುತ್ತದೆ, ಹಲ್ಲಿಗೆ ಸಿಕ್ಕದು. ಒಳಗಿನ ಬಿಸಿ 70 ಡಿಗ್ರಿ ದಾಟಿ ಗಂಟೆಗಟ್ಟಲೆ ಹಾಗೇ ಇದ್ದರೆ ಅದು ಕರಗಿ ಜೆಲಟಿನ್ ಆಗುತ್ತದೆ. ಕಾಲು ಸೂಪ್ ಕುಡಿದ ಮೇಲೆ ತುಟಿ ಅಂಟುತ್ತದಲ್ಲ, ಅದೇ ಜೆಲಟಿನ್. ಒಳಬಿಸಿ 90ರಿಂದ 95 ಡಿಗ್ರಿ ಮುಟ್ಟುವ ಹೊತ್ತಿಗೆ ಎಲುಬಿನಿಂದ ಮಾಂಸ ತಾನಾಗಿ ಬಿಡುತ್ತದೆ. ಕೋಳಿಗೆ ಇಷ್ಟು ಬೇಡ. ಒಳಗೆ 74 ಡಿಗ್ರಿ ಆದರೆ ತಿನ್ನಲು ಸುರಕ್ಷಿತ.

ಹೊಸಬರು ಗಾಬರಿಯಾಗುವ ಜಾಗ ಒಂದಿದೆ. ಮಾಂಸದ ಒಳಬಿಸಿ 65ರಿಂದ 75ರ ನಡುವೆ ಎಲ್ಲೋ ನಿಂತುಬಿಡುತ್ತದೆ. ಒಂದು ತಾಸು, ಎರಡು ತಾಸು, ಮುಳ್ಳು ಅಲ್ಲಾಡುವುದಿಲ್ಲ. ಥರ್ಮಾಮೀಟರ್ ಕೆಟ್ಟಿಲ್ಲ. ವಿಜಯಪುರದ ಬೇಸಿಗೆಯಲ್ಲಿ ಮಣ್ಣಿನ ಗಡಿಗೆಯ ನೀರು ತಣ್ಣಗಿರುವುದು ಯಾಕೆ ಹೇಳಿ? ಹೊರಮೈಯಲ್ಲಿ ಜಿನುಗಿದ ನೀರು ಆವಿಯಾಗುವಾಗ ಬಿಸಿಯನ್ನು ಹೊತ್ತೊಯ್ಯುತ್ತದೆ. ಮಾಂಸವೂ ಹಾಗೇ ಬೆವರುತ್ತದೆ. ಬೆವರು ಮುಗಿದ ಮೇಲೆ ಮುಳ್ಳು ಮತ್ತೆ ಏರುತ್ತದೆ. ಆಗ ಕಟ್ಟಿಗೆ ಒಟ್ಟಲು ಹೋಗಬೇಡಿ.

ಗಾಳಿಯ ಲೆಕ್ಕ

ನನ್ನ ಮಟ್ಟಿಗೆ ಇಡೀ ಕೆಲಸದ ಮುಖ್ಯ ಭಾಗ ಇದು. ಉಳಿದ ತಪ್ಪುಗಳನ್ನು ಗ್ರೈಂಡರ್ ಹಿಡಿದು ತಿದ್ದಬಹುದು. ಗಾಳಿಯ ದಾರಿ ತಪ್ಪಿದರೆ ಮತ್ತೆ ಕತ್ತರಿಸಿ ಕಟ್ಟಬೇಕು.

ಬಿಸಿಯಾದ ಗಾಳಿ ಹಿಗ್ಗಿ ಹಗುರಾಗುತ್ತದೆ. 120 ಡಿಗ್ರಿಯ ಗಾಳಿ ಹೊರಗಿನ 25 ಡಿಗ್ರಿಯ ಗಾಳಿಗಿಂತ ಸುಮಾರು ಕಾಲು ಭಾಗ ಹಗುರ. ಚಿಮಣಿಯಲ್ಲಿ ಈ ಹಗುರ ಗಾಳಿ ಮೇಲೇರಿದಷ್ಟೂ ಬೆಂಕಿಗೂಡಿನ ಕೆಳಗಿನ ಕಿಂಡಿಯಿಂದ ಹೊಸ ಗಾಳಿ ಒಳನುಗ್ಗುತ್ತದೆ. ಆ ಹೊಸ ಗಾಳಿಯೇ ಬೆಂಕಿಗೆ ಉಸಿರು. ಚಿಮಣಿ ಉದ್ದ ಇದ್ದರೆ ಎಳೆತ ಜಾಸ್ತಿ, ಕಿರಿದಾದರೆ ದಾರಿ ಕಟ್ಟಿದ ಹಾಗೆ.

ಒಂದು ಉದಾಹರಣೆ ಹಿಡಿಯೋಣ. ಅಡುಗೆಗೂಡಿನ ಅಡ್ಡಳತೆ 50 ಸೆಂ.ಮೀ., ಉದ್ದ 1 ಮೀಟರ್. ಒಳಗೆ ಸುಮಾರು 196 ಲೀಟರ್ ಜಾಗ, ಹೆಚ್ಚುಕಮ್ಮಿ ಒಂದು ಬ್ಯಾರಲ್‌ನಷ್ಟು. ಬೆಂಕಿಗೂಡು ಇದರ ಮೂರನೇ ಒಂದು ಭಾಗ ಇರಲಿ ಅನ್ನುವುದು ಕಟ್ಟುವವರ ಕೈಲೆಕ್ಕ. ಅಂದರೆ 65 ಲೀಟರ್. ಎಲ್ಲ ಬದಿ 40 ಸೆಂ.ಮೀ. ಇರುವ ಚೌಕ ಪೆಟ್ಟಿಗೆ 64 ಲೀಟರ್ ಹಿಡಿಯುತ್ತದೆ, ಸಾಕು. ಇದಕ್ಕಿಂತ ತೀರಾ ಚಿಕ್ಕದು ಮಾಡಿದರೆ ಬೆಂಕಿಗೆ ಉರಿಯಲು ಜಾಗ ಇಲ್ಲ. ದಿನವಿಡೀ ಕಮರಿದ ಹೊಗೆ.

ಎರಡೂ ಗೂಡು ಸೇರುವ ಜಾಗದಲ್ಲಿ ಒಂದು ಕಂಡಿ ಬೇಕು. ಈ ಅಳತೆಗೆ ಸುಮಾರು 30 ಸೆಂ.ಮೀ. ಅಗಲ, 8ರಿಂದ 10 ಸೆಂ.ಮೀ. ಎತ್ತರ. ಇದು ಬೆಂಕಿಗೂಡಿಗೆ ಮೇಲ್ಭಾಗ, ಅಡುಗೆಗೂಡಿಗೆ ತಳಭಾಗ ಆಗಬೇಕು. ಬೆಂಕಿಗೂಡನ್ನು ಕೆಳಕ್ಕೆ ಇಳಿಸಿ ಬೆಸೆಯುವುದು ಇದಕ್ಕೇ. ಚಿಮಣಿಗೆ ನಾಲ್ಕರಿಂದ ಐದಿಂಚಿನ ಪೈಪು, ಮುಕ್ಕಾಲು ಮೀಟರ್‌ಗಿಂತ ಉದ್ದ. ಗೆಳೆಯನ ಎರಡಿಂಚಿನ ಪೈಪಿಗೂ ಐದಿಂಚಿನ ಪೈಪಿಗೂ ಏನು ಮಹಾ ವ್ಯತ್ಯಾಸ ಅನ್ನಿಸಬಹುದು. ಲೆಕ್ಕ ಹಾಕಿ: ಅಡ್ಡಳತೆ ಎರಡೂವರೆ ಪಟ್ಟು ಆದರೆ ಹಾದುಹೋಗುವ ದಾರಿ ಆರು ಪಟ್ಟಿಗೂ ಜಾಸ್ತಿ ಆಗುತ್ತದೆ.

ಚಿಮಣಿಯ ಬುಡ ಎಲ್ಲಿರಬೇಕು ಅನ್ನುವುದೂ ಮುಖ್ಯ. ಡ್ರಮ್ಮಿನ ನೆತ್ತಿಗೆ ಕೂರಿಸಿದರೆ ಬಿಸಿ ಗಾಳಿ ಸೀದಾ ಮೇಲಿಂದ ಮೇಲೆ ಹೋಗಿಬಿಡುತ್ತದೆ, ಮಾಂಸವನ್ನು ಮುಟ್ಟುವುದೇ ಇಲ್ಲ. ಆಚೆ ತುದಿಯಲ್ಲಿ, ಮಾಂಸ ಇಡುವ ಜಾಳಿಗೆಯ ಮಟ್ಟಕ್ಕೆ ಬಾಯಿ ಇಟ್ಟರೆ ಗಾಳಿ ಮಾಂಸದ ಮೇಲೆ ಹಾದೇ ಹೋಗಬೇಕು. ಥರ್ಮಾಮೀಟರ್ ಕೂಡ ಜಾಳಿಗೆಯ ಮಟ್ಟದಲ್ಲೇ ಇರಲಿ. ಮೇಲೆ ಇಟ್ಟದ್ದು ತೋರಿಸುವುದು ಮುಚ್ಚಳದ ಬಿಸಿಯನ್ನು.

ಬೆಂಕಿಯ ಬದಿ ಯಾವತ್ತೂ ಜಾಸ್ತಿ ಬಿಸಿ, ಚಿಮಣಿಯ ಬದಿ ಕಡಿಮೆ. ಕಂಡಿಯ ಮುಂದೆ ಓರೆಯಾಗಿ ಒಂದು ಪಟ್ಟಿ ಬೆಸೆದರೆ ಉರಿ ನೇರ ನುಗ್ಗುವುದು ತಪ್ಪುತ್ತದೆ. ರಿವರ್ಸ್ ಫ್ಲೋ ಅನ್ನುವ ಇನ್ನೊಂದು ಬಗೆಯೂ ಇದೆ. ಅದರಲ್ಲಿ ಜಾಳಿಗೆಯ ಕೆಳಗೆ ಉದ್ದಕ್ಕೂ ತಗಡು ಹಾಸಿ, ಗಾಳಿಯನ್ನು ಆಚೆ ತುದಿಗೆ ಕಳಿಸಿ, ಮೇಲಿಂದ ವಾಪಸ್ ತಂದು ಬೆಂಕಿಯ ಬದಿಯ ಚಿಮಣಿಯಿಂದ ಬಿಡುತ್ತಾರೆ. ಬಿಸಿ ಹೆಚ್ಚು ಸಮವಾಗಿ ಹರಡುತ್ತದೆ. ಆದರೆ ಕಾಯಲು ತಡ, ಕಬ್ಬಿಣ ಜಾಸ್ತಿ. ಮೊದಲ ಸಲ ಕಟ್ಟುವವರು ಸಾದಾ ಬಗೆಯನ್ನೇ ಮಾಡುವುದು ಒಳ್ಳೆಯದು.

ಪತ್ರಾ ಎಷ್ಟು ದಪ್ಪ?

ರೊಟ್ಟಿ ಬೇಯಿಸುವ ಮನೆಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ತೆಳು ತವೆಯ ಮೇಲೆ ಜೋಳದ ರೊಟ್ಟಿ ಹಾಕಿದರೆ ನಡುವೆ ಸೀಯುತ್ತದೆ, ಅಂಚು ಹಸಿ. ದಪ್ಪ ಹಂಚು ನಿಧಾನ ಕಾಯುತ್ತದೆ, ಆದರೆ ಒಮ್ಮೆ ಕಾದರೆ ಹತ್ತು ರೊಟ್ಟಿಗೂ ಒಂದೇ ಸಮ. ಸ್ಮೋಕರ್ ಕೂಡ ಹಾಗೇ. ದಪ್ಪ ಉಕ್ಕು ಬಿಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಬಾಗಿಲು ತೆಗೆದು ಮುಚ್ಚಿದರೂ, ಗಾಳಿ ಬೀಸಿದರೂ ಬಿಸಿ ಬೇಗ ಬೀಳುವುದಿಲ್ಲ.

6 ಮಿ.ಮೀ. ಒಳ್ಳೆಯ ದಪ್ಪ. ಡ್ರಮ್ಮಿಗೆ 4 ಅಥವಾ 5 ನಡೆಯುತ್ತದೆ. ಬೆಂಕಿಗೂಡಿಗೆ ಮಾತ್ರ ಕಂಜೂಸು ಮಾಡಬೇಡಿ. 2 ಮಿ.ಮೀ. ತಗಡಿನ ಬೆಂಕಿಗೂಡು ನಾಲ್ಕು ಸಲ ಉರಿದರೆ ಹಪ್ಪಳದ ಹಾಗೆ ಸೊಟ್ಟ ಆಗುತ್ತದೆ.

ತೂಕವನ್ನು ಮೊದಲೇ ಲೆಕ್ಕ ಹಾಕಿಕೊಳ್ಳಿ, ಯಾಕೆಂದರೆ ಉಕ್ಕು ಮಾರುವುದೇ ಕಿಲೊ ಲೆಕ್ಕದಲ್ಲಿ. 1 ಮಿ.ಮೀ. ದಪ್ಪದ ಒಂದು ಚದರ ಮೀಟರ್ ಪತ್ರಾ 7.85 ಕಿಲೊ ತೂಗುತ್ತದೆ. 6 ಮಿ.ಮೀ. ಆದರೆ 47 ಕಿಲೊ. ನಮ್ಮ ಉದಾಹರಣೆಯ ಡ್ರಮ್ಮು, ಎರಡು ಬದಿಯ ಮುಚ್ಚಳ ಸೇರಿ, 92 ಕಿಲೊ ಹತ್ತಿರ. ಬೆಂಕಿಗೂಡು 45. ಕಾಲು, ಜಾಳಿಗೆ, ಚಿಮಣಿ ಎಲ್ಲ ಸೇರಿದರೆ 160 ಕಿಲೊ ದಾಟಬಹುದು. ಮಾಳಿಗೆಯ ಮೇಲೆ ಇಡುವ ಆಸೆ ಇದ್ದವರು ಈ ಅಂಕಿಯನ್ನು ಇನ್ನೊಮ್ಮೆ ಓದಿ.

ಯಾವುದನ್ನು ಮುಟ್ಟಬಾರದು

ಗ್ಯಾಲ್ವನೈಸ್ ಪೈಪು, ಗ್ಯಾಲ್ವನೈಸ್ ತಗಡು ಬೇಡ. ಅದರ ಮೇಲಿನ ಬೆಳ್ಳಗಿನ ಲೇಪ ಸತು. ಸತು 419 ಡಿಗ್ರಿಗೆ ಕರಗಿ 907 ಡಿಗ್ರಿಗೆ ಕುದಿಯುತ್ತದೆ. ವೆಲ್ಡಿಂಗ್ ಕಿಡಿ ಅದಕ್ಕಿಂತ ಎಷ್ಟೋ ಪಟ್ಟು ಬಿಸಿ. ಆಗ ಏಳುವ ಬಿಳಿ ಹೊಗೆ ಕುಡಿದವರಿಗೆ ಸಂಜೆಗೆ ಚಳಿ ಜ್ವರ ಬರುತ್ತದೆ. ಹಳೆಯ ವೆಲ್ಡರ್‌ಗಳನ್ನು ಕೇಳಿ ನೋಡಿ, ಬಹಳ ಜನರಿಗೆ ಅನುಭವ ಇದೆ.

ಮನೆಯ ಅಡುಗೆ ಗ್ಯಾಸ್ ಸಿಲಿಂಡರ್ ಕತ್ತರಿಸುವ ಮಾತೇ ಬೇಡ. ಅದು ನಮ್ಮದಲ್ಲ. ನಾವು ಕೊಟ್ಟದ್ದು ಠೇವಣಿ, ಸಿಲಿಂಡರ್ ಕಂಪನಿಯದು. ಅದಕ್ಕಿಂತ ದೊಡ್ಡ ಮಾತು, ಮುಚ್ಚಿದ ಪಾತ್ರೆಯಲ್ಲಿ ಉಳಿದ ಗ್ಯಾಸಿಗೆ ಗ್ರೈಂಡರಿನ ಒಂದು ಕಿಡಿ ಸಾಕು, ಬಾಂಬಿನ ಹಾಗೆ ಸಿಡಿಯುತ್ತದೆ. ಗುಜರಿಯ ಎಣ್ಣೆ ಬ್ಯಾರಲ್‌ಗೂ ಇದೇ ಮಾತು. ಒಳಗೆ ಏನಿತ್ತು ಅಂತ ಗೊತ್ತಿಲ್ಲದ ಬ್ಯಾರಲ್ ಅಡುಗೆಗೆ ಬೇಡವೇ ಬೇಡ.

ನಮ್ಮ ಊರಲ್ಲಿ ಇದಕ್ಕೆಲ್ಲ ಒದ್ದಾಡುವ ಅಗತ್ಯವೂ ಇಲ್ಲ. ಸಾದಾ ಎಂಎಸ್ (ಮೈಲ್ಡ್ ಸ್ಟೀಲ್, ಅಂದರೆ ಮೆದು ಉಕ್ಕು) ಪತ್ರಾ ತಂದು, ಪ್ಲೇಟ್ ರೋಲಿಂಗ್ ಮಾಡುವ ಶೆಡ್ಡಿಗೆ ಕೊಟ್ಟರೆ ಸುತ್ತಿ ಕೊಡುತ್ತಾರೆ. 50 ಸೆಂ.ಮೀ. ಅಡ್ಡಳತೆಗೆ 157 ಸೆಂ.ಮೀ. ಉದ್ದದ ಪತ್ರಾ ಬೇಕು.

ಕತ್ತರಿಸುವುದು, ಬೆಸೆಯುವುದು

ಮನೆಯಲ್ಲಿ ಮಾಡುವವರಿಗೆ ಸಣ್ಣ ಇನ್ವರ್ಟರ್ ವೆಲ್ಡಿಂಗ್ ಮಷಿನ್ ಸಾಕು. 6013 ನಂಬರಿನ ಕಡ್ಡಿ ಹೊಸಬರಿಗೆ ಒಗ್ಗುತ್ತದೆ. 2.5 ಮಿ.ಮೀ. ಕಡ್ಡಿಗೆ 60ರಿಂದ 90 ಆಂಪಿಯರ್, 3.15ರ ಕಡ್ಡಿಗೆ 90ರಿಂದ 130. ಕಡ್ಡಿ ಪೊಟ್ಟಣದ ಮೇಲೂ ಬರೆದಿರುತ್ತದೆ.

ಬೆಸೆಯುವಾಗ ಒಂದೇ ಸಮನೆ ಉದ್ದಕ್ಕೆ ಎಳೆದುಕೊಂಡು ಹೋಗಬೇಡಿ. ಬಿಸಿಯಾದ ಉಕ್ಕು ಹಿಗ್ಗಿ, ಆರುವಾಗ ಕುಗ್ಗಿ, ಇಡೀ ಪತ್ರಾವನ್ನು ಎಳೆಯುತ್ತದೆ. ಮೊದಲು ಅಲ್ಲಲ್ಲಿ ಚುಕ್ಕೆ ಹಾಕಿ, ಅಳತೆ ನೋಡಿ. ಆಮೇಲೆ ಇಲ್ಲಿ ಎರಡಿಂಚು, ಎದುರು ಬದಿಗೆ ಎರಡಿಂಚು. ಅಂಗಿ ಹೊಲಿಯುವವರು ಮೊದಲು ಕಚ್ಚಾ ಹೊಲಿಗೆ ಹಾಕುವ ಹಾಗೆ.

ಬಾಗಿಲಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಬಹಳ ಜನ ಡ್ರಮ್ಮಿನಿಂದ ಬಾಗಿಲಿನ ತುಂಡನ್ನು ಪೂರ್ತಿ ಕತ್ತರಿಸಿ, ತೆಗೆದು, ಆಮೇಲೆ ಹಿಂಜಸ್ ಹಾಕಲು ಹೋಗುತ್ತಾರೆ. ಕೂರುವುದಿಲ್ಲ. ಸುತ್ತಿದ ಪತ್ರಾದೊಳಗೆ ಬಿಗಿ ಅಡಗಿರುತ್ತದೆ, ಸುರುಳಿ ಸುತ್ತಿದ ಚಾಪೆಯ ಹಾಗೆ. ಕತ್ತರಿಸಿದ ಕೂಡಲೇ ತುಂಡು ಸ್ವಲ್ಪ ಬಿಚ್ಚಿಕೊಳ್ಳುತ್ತದೆ. ಉಪಾಯ ಇದು: ಬಾಗಿಲಿನ ಗುರುತು ಹಾಕಿ, ಹಿಂಜಸ್ ಬರುವ ಬದಿಯನ್ನು ಮೊದಲು ಕತ್ತರಿಸಿ, ಅಲ್ಲೇ ಹಿಂಜಸ್ ಬೆಸೆಯಿರಿ. ಬಾಗಿಲಿನ ಅಡ್ಡಕ್ಕೆ ಬಾಗಿದ ಪಟ್ಟಿಗಳನ್ನೂ ಆಗಲೇ ಬೆಸೆದುಬಿಡಿ. ಕೊನೆಗೆ ಉಳಿದ ಮೂರು ಬದಿ ಕತ್ತರಿಸಿ. ಅಂಚಿಗೆ ಒಂದಿಂಚಿನ ಪಟ್ಟಿ ಸುತ್ತಿದರೆ ಸಂದಿ ಮುಚ್ಚುತ್ತದೆ.

ಹಾಗಂತ ಬಾಗಿಲು ತೀರಾ ಬಿಗಿ ಬೇಡ. ಒಂದು ಮೀಟರ್ ಉಕ್ಕು 100 ಡಿಗ್ರಿ ಬಿಸಿಯಾದರೆ 1.2 ಮಿ.ಮೀ. ಉದ್ದ ಆಗುತ್ತದೆ. ತಣ್ಣಗಿದ್ದಾಗ ಚೆನ್ನಾಗಿ ಮುಚ್ಚಿದ ಬಾಗಿಲು ಬೆಂಕಿ ಹಾಕಿದ ಮೇಲೆ ಕಚ್ಚಿಕೊಂಡು ಕೂತರೆ ಮಟನ್ ಒಳಗೆ, ನೀವು ಹೊರಗೆ.

ಡ್ರಮ್ಮಿನ ತಳಕ್ಕೆ ಒಂದು ಕಡೆ ಸಣ್ಣ ಇಳಿಜಾರು ಕೊಟ್ಟು ಕೊಳವೆ ಬೆಸೆಯಿರಿ. ಕೊಬ್ಬು ಕರಗಿ ಅದರಿಂದ ಬಕೆಟ್ಟಿಗೆ ಇಳಿಯಬೇಕು. ಒಳಗೇ ನಿಂತರೆ ಒಂದು ದಿನ ಹೊತ್ತಿಕೊಳ್ಳುತ್ತದೆ.

ಕಣ್ಣಿಗೆ ಕಪ್ಪು ಗಾಜಿನ ಮುಖವಾಡ, ಕೈಗೆ ಚರ್ಮದ ಗವಸು, ಮೈಗೆ ಹತ್ತಿ ಬಟ್ಟೆ. ಪಾಲಿಯೆಸ್ಟರ್ ಕಿಡಿ ತಾಗಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ. "ಒಂದೇ ಚುಕ್ಕೆ ಅಲ್ವಾ" ಅಂತ ಬರಿಗಣ್ಣಲ್ಲಿ ನೋಡಿದವರು ಆ ರಾತ್ರಿ ಕಣ್ಣಿಗೆ ಮರಳು ಹೊಕ್ಕಂತೆ ಒದ್ದಾಡುತ್ತಾರೆ.

ಪಳಗಿಸುವುದು

ಹೊಸ ಹಂಚನ್ನು ಎಣ್ಣೆ ಸವರಿ ಪಳಗಿಸುತ್ತೇವಲ್ಲ, ಇಲ್ಲೂ ಅದೇ. ಒಳಗೆ ಪೇಂಟ್ ಬೇಡವೇ ಬೇಡ. ಗ್ರೀಸು, ಗ್ರೈಂಡರ್ ಪುಡಿ ಎಲ್ಲ ತೊಳೆದು ಒರೆಸಿ, ತೆಳುವಾಗಿ ಎಣ್ಣೆ ಹಚ್ಚಿ, ಎರಡು ಮೂರು ತಾಸು ಖಾಲಿ ಉರಿಸಿ. ಎಣ್ಣೆ ಬಿಸಿಗೆ ಗಟ್ಟಿಯಾಗಿ ಕಪ್ಪು ಪದರ ಆಗುತ್ತದೆ. ತುಕ್ಕಿಗೆ ಅದೇ ತಡೆ. ನಮ್ಮ ಕಡೆಯ ಕುಸುಬಿ ಎಣ್ಣೆ, ಅಗಸೆ ಎಣ್ಣೆ ಬೇಗ ಒಣಗಿ ಗಟ್ಟಿಯಾಗುವ ಜಾತಿಯವು, ಈ ಕೆಲಸಕ್ಕೆ ಒಳ್ಳೆಯವು. ಹೊರಗಡೆಗೆ ಬಿಸಿ ತಡೆಯುವ ಪೇಂಟ್ ಸಿಗುತ್ತದೆ. ಬೆಂಕಿಗೂಡಿನ ಮೇಲೆ ಅದೂ ಬಹಳ ಕಾಲ ನಿಲ್ಲುವುದಿಲ್ಲ.

ಯಾವ ಕಟ್ಟಿಗೆ?

ಟೆಕ್ಸಾಸ್‌ನವರ ಹೆಸರಾದ ಕಟ್ಟಿಗೆಗಳಲ್ಲಿ ಒಂದು ಮೆಸ್ಕೀಟ್. ಅದರ ಸೋದರ ಸಂಬಂಧಿ ಬಾಗಲಕೋಟೆ, ವಿಜಯಪುರದ ರಸ್ತೆ ಬದಿಯಲ್ಲೆಲ್ಲ ಬೆಳೆದು ನಿಂತಿದೆ. ನಾವು ಬೈದುಕೊಂಡು ಕಡಿಯುವ ಬಳ್ಳಾರಿ ಜಾಲಿ! ಎರಡೂ ಪ್ರೊಸೋಪಿಸ್ ಕುಲದವು. ಇದು ಜೋರಾಗಿ ಉರಿಯುತ್ತದೆ, ಹೊಗೆ ಖಡಕ್. ಆರು ತಾಸಿನ ಅಡುಗೆಗೆ ಬರೀ ಇದನ್ನೇ ಹಾಕಿದರೆ ಸ್ವಲ್ಪ ಜಾಸ್ತಿಯೇ ಆಗುತ್ತದೆ. ಮಾವು ಅಥವಾ ಪೇರಲ ಕಟ್ಟಿಗೆಯ ಜೊತೆ ಬೆರೆಸಿದರೆ ಹದ. ಇಂಡಿ ಕಡೆಯವರಿಗೆ ನಿಂಬೆ ಗಿಡದ ಕಟ್ಟಿಗೆಯೂ ಸಿಗುತ್ತದೆ. ನೀಲಗಿರಿ ಬೇಡ, ಅದರ ಎಣ್ಣೆ ವಾಸನೆ ಮಾಂಸಕ್ಕೆ ಹತ್ತುತ್ತದೆ. ಪೇಂಟ್ ಹಚ್ಚಿದ ಹಲಗೆ, ಪ್ಲೈವುಡ್ ಯಾವ ಕಾರಣಕ್ಕೂ ಬೇಡ. ದ್ರಾಕ್ಷಿ ಚಾಟನಿಯ, ಅಂದರೆ ಬಳ್ಳಿ ಸವರಿದಾಗಿನ ಕಡ್ಡಿ ವಿಜಯಪುರದಲ್ಲಿ ರಾಶಿ ರಾಶಿ ಬೀಳುತ್ತದೆ. ಆದರೆ ಔಷಧ ಹೊಡೆದ ಕಡ್ಡಿಯ ಹೊಗೆಯಲ್ಲಿ ನಾನಂತೂ ಊಟ ಮಾಡುವುದಿಲ್ಲ.

ರುಚಿ ಬರುವುದು ಎಲ್ಲಿಂದ? ಕಟ್ಟಿಗೆಗೆ ಗಟ್ಟಿತನ ಕೊಡುವ ಲಿಗ್ನಿನ್ ಅನ್ನುವ ವಸ್ತು ಬಿಸಿಗೆ ಒಡೆದಾಗ ಹೊರಬರುವ ಗ್ವಾಯಕಾಲ್, ಸಿರಿಂಗಾಲ್ ಎಂಬ ಪದಾರ್ಥಗಳೇ ಆ ಹೊಗೆಯ ಘಮ. ಬೆಂಕಿ ಚೆನ್ನಾಗಿ ಉರಿದರೆ ಅವು ಹಿತವಾಗಿ ಬರುತ್ತವೆ. ಗಾಳಿ ಸಾಲದೆ ಕಮರಿದರೆ ಜೊತೆಗೆ ಡಾಂಬರಿನಂಥ ಅಂಟು ಬಂದು ಮಾಂಸದ ಮೇಲೆ ಕೂರುತ್ತದೆ. ಗೆಳೆಯನ ಮಟನ್ ಕಹಿಯಾದದ್ದು ಇದರಿಂದಲೇ. ಚಿಮಣಿಯನ್ನು ನೋಡಿದರೆ ಗೊತ್ತಾಗುತ್ತದೆ: ದಟ್ಟ ಬಿಳಿ ಹೊಗೆ ಕೆಟ್ಟದ್ದು, ಕಂಡೂ ಕಾಣದ ತಿಳಿ ನೀಲಿ ಹೊಗೆ ಒಳ್ಳೆಯದು.

ಕೊಯ್ದಾಗ ಮಾಂಸದ ಅಂಚು ಗುಲಾಬಿ ಬಣ್ಣಕ್ಕೆ ಕಂಡರೆ ಹಸಿ ಅಂದುಕೊಳ್ಳಬೇಡಿ. ಹೊಗೆಯಲ್ಲಿನ ನೈಟ್ರಿಕ್ ಆಕ್ಸೈಡ್ ಮಾಂಸದ ಬಣ್ಣವನ್ನು ಹಾಗೇ ಹಿಡಿದಿಡುತ್ತದೆ.

ಬೆಂಕಿ ಕಾಯುವುದು, ಮಳೆಯಿಂದ ಕಾಯುವುದು

ದೊಡ್ಡ ಬೆಂಕಿ ಮಾಡಿ ಕಿಂಡಿ ಮುಚ್ಚುವುದು ಎಲ್ಲರೂ ಮಾಡುವ ತಪ್ಪು. ಬೆಂಕಿ ಸಣ್ಣದಿರಲಿ, ಕಿಂಡಿ ತೆರೆದಿರಲಿ. ಮೊದಲು ಕೆಂಡದ ಹಾಸು ಮಾಡಿಕೊಂಡು, ಮುಂಗೈ ಗಾತ್ರದ ಒಣ ಸೀಳು ಒಂದೊಂದೇ ಹಾಕಿ, ಮುಕ್ಕಾಲು ತಾಸಿಗೊಮ್ಮೆ ನೋಡಿ. ಮುಂದಿನ ಸೀಳನ್ನು ಬೆಂಕಿಗೂಡಿನ ಮೇಲೆ ಇಟ್ಟಿದ್ದರೆ ಕಾದಿರುತ್ತದೆ, ಒಳಗೆ ಹಾಕಿದ ಕೂಡಲೇ ಹೊತ್ತಿಕೊಳ್ಳುತ್ತದೆ.

ಬಯಲಲ್ಲೇ ಇಡಿ. ಮುಚ್ಚಿದ ಶೆಡ್ಡಿನಲ್ಲಿ ಇಂಗಾಲದ ಮಾನಾಕ್ಸೈಡ್ ತುಂಬಿಕೊಂಡರೆ ವಾಸನೆಯೂ ಬರುವುದಿಲ್ಲ, ಮನುಷ್ಯ ಉಳಿಯುವುದಿಲ್ಲ. ಜೂನ್‌ನಿಂದ ಪಡುವಣ ಗಾಳಿ ಜೋರಾಗಿರುತ್ತದೆ. ಕಿಂಡಿಯ ಬಾಯಿ ನೇರ ಅದಕ್ಕೆ ಎದುರಾದರೆ ಬೆಂಕಿ ನಿಮ್ಮ ಮಾತು ಕೇಳುವುದಿಲ್ಲ, ಸ್ಮೋಕರನ್ನು ಸ್ವಲ್ಪ ತಿರುಗಿಸಿ. ಕಾಲಿಗೆ ಗಾಲಿ ಹಾಕಿಸಿದ್ದರೆ ಆಗ ಅದರ ಬೆಲೆ ಗೊತ್ತಾಗುತ್ತದೆ.

ಬೆಳಗಾವಿಯ ಮಳೆಗಾಲ ಉಕ್ಕಿಗೆ ವಿಜಯಪುರದ ಬಿಸಿಲಿಗಿಂತ ಕೆಟ್ಟದ್ದು. ಬೂದಿಯನ್ನು ಪ್ರತಿ ಸಲ ತೆಗೆಯಿರಿ. ಬೂದಿ ತೇವ ಹೀರಿ ಕ್ಷಾರವಾಗಿ ತಳವನ್ನು ತಿನ್ನುತ್ತದೆ. ಚಿಮಣಿಯ ಬಾಯಿಗೆ ಒಂದು ಟೋಪಿ, ಮೈಗೆ ತಾಡಪತ್ರಿ. ಗೆಳೆಯ ಆ ಮೊದಲ ಸ್ಮೋಕರನ್ನು ವಾಪಸ್ ತಂದು, ಎರಡಿಂಚಿನ ಪೈಪು ಕಿತ್ತು ಐದಿಂಚಿನದು ಬೆಸೆದ. ಮರುದಿನ ಬೆಳಗ್ಗೆ ಬೆಂಕಿ ಹಾಕಿದಾಗ ಮೊದಲ ಹತ್ತು ನಿಮಿಷ ಬಿಳಿ ಹೊಗೆ ಬಂತು, ಆಮೇಲೆ ಚಿಮಣಿಯ ಮೇಲೆ ಗಾಳಿ ಮಾತ್ರ ನಡುಗುತ್ತಿತ್ತು.